ಜಿಪ್ಸಿ ನೇರ ಹೋಗುತ್ತಿಲ್ಲವೇ? ಸ್ಟೀರಿಂಗ್ ಬಾಕ್ಸನ್ನು ಕೊನೆಗೆ ಇಟ್ಟುಕೊಳ್ಳಿ

ಪ್ರಶ್ನೆ: ಮೂರು ವರ್ಷದ ಹಿಂದೆ 2001ರ ಮಾರುತಿ ಜಿಪ್ಸಿ ಕಿಂಗ್ ಒಂದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ. ತೋಟದೊಳಗೆ ಗಾಡಿಗೆ ಏನೂ ತೊಂದರೆ ಇಲ್ಲ. ಟಾರ್ ರೋಡಿನಲ್ಲಿ 60 ದಾಟಿದರೆ ಮಾತ್ರ ನೇರ ಹೋಗುವುದಿಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿದ್ದುತ್ತಲೇ ಇರಬೇಕು. ಬ್ರೇಕ್ ಹಿಡಿದರೆ ಎಡಕ್ಕೆ ಎಳೆಯುತ್ತದೆ. ಹಿಂದಿನ ಮಾಲೀಕರು 235/75 ಆರ್ 15 ಟೈರ್ ಹಾಕಿಸಿ, ಮಾಮೂಲಿಗಿಂತ 2 ಇಂಚು ಉದ್ದದ ಶಾಕಲ್ (ಲೀಫ್ ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಕೂಡ ಹಾಕಿಸಿದ್ದಾರೆ. ನಾನು ಸ್ಟೀರಿಂಗಿನ ನಡುಕ ತಡೆಯುವ ಡ್ಯಾಂಪರ್ ಹೊಸದು ಹಾಕಿಸಿದೆ. ಎರಡು ಸಲ ವೀಲ್ ಅಲೈನ್‌ಮೆಂಟ್ ಆಯಿತು. ಮೆಕ್ಯಾನಿಕ್ ಸ್ಟೀರಿಂಗ್ ಬಾಕ್ಸ್ (ಸ್ಟೀರಿಂಗಿನ ತಿರುವನ್ನು ಚಕ್ರದ ಕಡೆಗೆ ದಾಟಿಸುವ ಗೇರ್ ಪೆಟ್ಟಿಗೆ) ಟೈಟ್ ಮಾಡಿದರು. ಪ್ಲೇ, ಅಂದರೆ ಸಡಿಲ ಆಟ, ಕಡಿಮೆಯಾಯಿತು, ಆದರೆ ಈಗ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಹೋದ ವಾರ 55ರಲ್ಲಿ ಹೋಗುವಾಗ ಒಂದು ಗುಂಡಿಗೆ ಚಕ್ರ ಬಿತ್ತು. ಅಷ್ಟೇ, ಇಡೀ ಮುಂಭಾಗ ಗಡಗಡ ನಡುಗಿತು, ಹೆಚ್ಚುಕಡಿಮೆ ನಿಲ್ಲಿಸಿದ ಮೇಲೆಯೇ ಸರಿಹೋದದ್ದು. ಬಾಕ್ಸ್ ಬದಲಿಸಿ ಅಂತ ಒಬ್ಬರು, ಪವರ್ ಸ್ಟೀರಿಂಗ್ ಮಾಡಿಸಿ ಅಂತ ಇನ್ನೊಬ್ಬರು ಹೇಳುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ನಿಮ್ಮ ಜೀವದ ವಿಷಯ. ಇದು ಸರಿಯಾಗುವ ತನಕ ಟಾರ್ ರೋಡಿನಲ್ಲಿ 40ರ ಮೇಲೆ ಹೋಗಬೇಡಿ. ಚಾರ್ಮಾಡಿ ಇಳಿಯುವುದಂತೂ ಬೇಡವೇ ಬೇಡ. ಅಕಸ್ಮಾತ್ ಆ ನಡುಕ ಮತ್ತೆ ಶುರುವಾದರೆ ಬ್ರೇಕನ್ನು ಜೋರಾಗಿ ಒತ್ತಬೇಡಿ. ಸ್ಟೀರಿಂಗ್ ಜೊತೆ ಗುದ್ದಾಡಬೇಡಿ. ಆಕ್ಸಿಲರೇಟರ್ ಬಿಡಿ, ಹೆಬ್ಬೆರಳುಗಳನ್ನು ಸ್ಟೀರಿಂಗಿನ ಒಳಗೆ ಸಿಕ್ಕಿಸದೆ ಹೊರಗಿಡಿ, ಗಾಡಿ ತಾನಾಗಿ ನಿಧಾನವಾಗಲಿ.

ಇನ್ನು ಗಾಡಿ ವಿಷಯಕ್ಕೆ ಬರೋಣ. ನೀವು ಬರೆದಿರುವುದು ಒಂದು ಕಾಯಿಲೆಯಲ್ಲ, ನಾಲ್ಕು. ವೇಗದಲ್ಲಿ ಅಲೆಯುವುದು ಒಂದು. ಗುಂಡಿಗೆ ಬಿದ್ದಾಗ ನಡುಗುವುದು ಇನ್ನೊಂದು. ಬ್ರೇಕಿಗೆ ಎಡಕ್ಕೆ ಎಳೆಯುವುದು ಮೂರನೆಯದು. ತಿರುಗಿಸಿದ ಸ್ಟೀರಿಂಗ್ ವಾಪಸ್ ಬಾರದಿರುವುದು ನಾಲ್ಕನೆಯದು, ಮತ್ತು ಇದು ಹೆಚ್ಚಾಗಿ ರಿಪೇರಿಯಿಂದಲೇ ಬಂದದ್ದು. ನಾಲ್ಕಕ್ಕೂ ಸೇರಿಸಿ 'ಹ್ಯಾಂಡ್ಲಿಂಗ್ ಸರಿ ಇಲ್ಲ' ಅಂದರೆ ಮೆಕ್ಯಾನಿಕ್ ಕೈ ಸೀದಾ ಸ್ಟೀರಿಂಗ್ ಬಾಕ್ಸಿಗೆ ಹೋಗುತ್ತದೆ. ಯಾಕೆಂದರೆ ಅದರ ಮೇಲೆ ಒಂದು ಸ್ಕ್ರೂ ಇದೆ, ತಿರುಗಿಸಿದರೆ ಪ್ಲೇ ಕಡಿಮೆಯಾದ ಹಾಗೆ ಕಾಣುತ್ತದೆ, ಹತ್ತು ನಿಮಿಷದ ಕೆಲಸ. ಎಷ್ಟೋ ಒಳ್ಳೆಯ ಬಾಕ್ಸ್‌ಗಳು ಹೀಗೇ ಹಾಳಾಗಿವೆ ಅನ್ನುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಆ ಸ್ಕ್ರೂ ಏನು ಮಾಡುತ್ತದೆ ನೋಡಿ. ಜಿಪ್ಸಿಯದು ಒಳಗೆ ಗುಂಡುಗಳು ಸುತ್ತುತ್ತಿರುವ ಹಳೆಯ ಮಾದರಿಯ ಬಾಕ್ಸ್. ಅದರ ಹಲ್ಲುಗಳು ಚಕ್ರ ನೇರ ಇದ್ದಾಗ ತುಸು ಬಿಗಿಯಾಗಿ, ಪಕ್ಕಕ್ಕೆ ಹೋದಂತೆ ಸಡಿಲವಾಗಿ ಕೂರುವ ಹಾಗೆ ಮಾಡಿರುತ್ತಾರೆ. ಚಕ್ರ ಸ್ವಲ್ಪ ಓರೆ ಇದ್ದಾಗ ಸ್ಕ್ರೂ ಬಿಗಿದರೆ ನೇರಕ್ಕೆ ಬಂದಾಗ ಬಾಕ್ಸ್ ಹಿಡಿದುಕೊಳ್ಳುತ್ತದೆ. ಪ್ಲೇ ನಿಜವಾಗಿ ಬೇರೆ ಎಲ್ಲೋ ಇದ್ದು, ಅದನ್ನು ಇಲ್ಲಿ ಬಿಗಿದು ಮುಚ್ಚಿದರೂ ಅಷ್ಟೇ. ಹಿಡಿದುಕೊಂಡ ಬಾಕ್ಸ್ ಚಕ್ರವನ್ನು ತಾನಾಗಿ ನೇರವಾಗಲು ಬಿಡುವುದಿಲ್ಲ. ನೀವು ಎಡಕ್ಕೆ ಒಂದು ಕೂದಲೆಳೆ ತಿದ್ದುತ್ತೀರಿ, ಅದು ಅಲ್ಲೇ ನಿಲ್ಲುತ್ತದೆ. ಮತ್ತೆ ಬಲಕ್ಕೆ ತಿದ್ದುತ್ತೀರಿ. ಅಂದರೆ ಅಲೆದಾಟ ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ.

ಹಾಗಾಗಿ ನಿಮ್ಮ ಮೊದಲ ಕೆಲಸ ಗಾಡಿಯನ್ನು ಎರಡು ಭಾಗ ಮಾಡುವುದು. ಮುಂದಿನ ಎರಡೂ ಚಕ್ರಗಳನ್ನು ನೆಲದಿಂದ ಎತ್ತಿ, ಆಕ್ಸಲ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡಿ. ಜಾಕಿ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ. ಬಾಕ್ಸಿನಿಂದ ಬರುವ ಪಿಟ್‌ಮನ್ ಆರ್ಮ್‌ಗೆ ಡ್ರ್ಯಾಗ್ ಲಿಂಕ್ (ಅಲ್ಲಿಂದ ಚಕ್ರದ ಕಡೆಗೆ ಹೋಗುವ ಸಲಾಕೆ) ಸೇರುವ ಕಡೆ ಸ್ಪ್ಲಿಟ್ ಪಿನ್ ತೆಗೆದು ಬಿಡಿಸಿ. ಈಗ ಸ್ಟೀರಿಂಗ್ ಒಂದು ಭಾಗ, ಚಕ್ರಗಳು ಇನ್ನೊಂದು ಭಾಗ.

ಒಳಗೆ ಕೂತು ಸ್ಟೀರಿಂಗನ್ನು ಎರಡೇ ಬೆರಳಿನಲ್ಲಿ ಈ ತುದಿಯಿಂದ ಆ ತುದಿಗೆ ತಿರುಗಿಸಿ. ಬೆಣ್ಣೆಯ ಹಾಗೆ ತಿರುಗಬೇಕು. ನಡುವೆ ಒಂದು ಸಣ್ಣ ಬಿಗಿ ತಿಳಿದರೆ ಸರಿಯೇ. ನಡುವೆ ಹಿಡಿದುಕೊಂಡರೆ ಸ್ಕ್ರೂವಿನ ಲಾಕ್ ನಟ್ ಸಡಿಲಿಸಿ, ಕಾಲು ಸುತ್ತು, ಬೇಕಾದರೆ ಇನ್ನು ಕಾಲು ಸುತ್ತು ವಾಪಸ್ ಬಿಡಿ. ಆಮೇಲೆ ಹೊರಗೆ ಬಂದು ಚಕ್ರವನ್ನು ಕೈಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿ. ಎರಡು ಚಕ್ರವೂ ಟೈ ರಾಡ್ ಮೂಲಕ ಒಟ್ಟಿಗೆ ತಿರುಗುತ್ತವೆ. ಒಂದೇ ಸಮ ತೂಕದಲ್ಲಿ ತಿರುಗಬೇಕು. ನೇರ ಬಂದಾಗ 'ಟಕ್' ಅಂತ ಒಂದು ಗುಳಿಗೆ ಬಿದ್ದ ಹಾಗೆ ಕೂತರೆ, ಅಲ್ಲಿಂದ ಹೊರಡಿಸಲು ಸ್ವಲ್ಪ ಜಾಸ್ತಿ ಬಲ ಬೇಕಾದರೆ, ದೋಷ ಬಾಕ್ಸಿನದ್ದಲ್ಲ. ಕಿಂಗ್ ಪಿನ್ ಬೇರಿಂಗ್ ಹೋಗಿದೆ.

ನೀವು ಬರೆದದ್ದನ್ನು ಓದಿದಾಗಲೇ ನನ್ನ ಅನುಮಾನ ಇದರ ಮೇಲೆ ಹೋಯಿತು. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜಿಪ್ಸಿ 1985ರಲ್ಲಿ 970 ಸಿಸಿ ಎಂಜಿನ್ ಜೊತೆ ಬಂತು, ಆಮೇಲೆ 1.3 ಲೀಟರ್ ಎಂಜಿನ್ ಬಂತು. ಕೆಳಗಿನ ರಚನೆ ಮಾತ್ರ ಕೊನೆಯವರೆಗೂ ಅದೇ: ಮುಂದೆ ಹಿಂದೆ ಇಡೀ ಆಕ್ಸಲ್, ನಾಲ್ಕೂ ಮೂಲೆಗೆ ಲೀಫ್ ಸ್ಪ್ರಿಂಗ್. ಮುಂದಿನ ಆಕ್ಸಲಿನ ಎರಡು ತುದಿಯಲ್ಲೂ ಒಂದೊಂದು ಉಕ್ಕಿನ ಗುಂಡು ಇದೆಯಲ್ಲ, ಅದರ ಮೇಲೆ ಕೆಳಗೆ ಒಂದೊಂದು ಕಿಂಗ್ ಪಿನ್. ಒಂದೊಂದು ಪಿನ್ನಿಗೂ ಒಂದು ಸಣ್ಣ ಟೇಪರ್ ಬೇರಿಂಗ್. ಒಟ್ಟು ನಾಲ್ಕು. ಚಕ್ರ ಎಡಬಲ ತಿರುಗುವುದು ಇವುಗಳ ಮೇಲೆಯೇ. ಬೇರೆ ಬೇರಿಂಗ್‌ಗಳ ಹಾಗೆ ಇವು ಸುತ್ತ ತಿರುಗುವುದಿಲ್ಲ. ಗಾಡಿ ನೇರ ಓಡುವಾಗ ಗಂಟೆಗಟ್ಟಲೆ ಒಂದೇ ಜಾಗದಲ್ಲಿ ನಿಂತು ಪೆಟ್ಟು ತಿನ್ನುತ್ತವೆ. ನಿಮ್ಮ ಕಡೆಯ ಮಳೆಯಲ್ಲಿ, ಹಳ್ಳ ದಾಟುವಾಗ, ಗುಂಡಿನ ಹಿಂದಿನ ಸೀಲ್ ಹಳತಾಗಿದ್ದರೆ ನೀರು ಒಳಗೆ ಹೋಗುತ್ತದೆ. ಗ್ರೀಸ್ ತೊಳೆದುಹೋಗಿ ಬೇರಿಂಗಿಗೆ ಕೆಂಪು ತುಕ್ಕು ಹಿಡಿಯುತ್ತದೆ. ಆಗ ರೋಲರ್‌ಗಳು ಬೇರಿಂಗಿನ ಹೊರಬಳೆಯ ಮೇಲೆ ಗೆರೆ ಗೆರೆಯಾಗಿ ಗುಳಿ ಬೀಳಿಸುತ್ತವೆ. ಚಕ್ರ ನೇರ ಇರುವ ಜಾಗದಲ್ಲೇ ಆ ಗುಳಿ. ಅದಕ್ಕೇ ಆ 'ಟಕ್'.

ಇದರ ಜೊತೆಗೆ ಬಿಗಿಯೂ ಹೋಗುತ್ತದೆ. ಈ ಬೇರಿಂಗ್‌ಗಳು ಸುಮ್ಮನೆ ಕೂರುವುದಲ್ಲ, ಒಂದಿಷ್ಟು ಒತ್ತಡದಲ್ಲಿ ಕೂರಬೇಕು. ಆ ಒತ್ತಡವೇ ಚಕ್ರ ಗಾಳಿಪಟದ ಹಾಗೆ ಒದ್ದಾಡದಂತೆ ತಡೆಯುವುದು. ಒತ್ತಡ ಹೋದ ಮೇಲೆ ಒಂದು ಗುಂಡಿಯ ಪೆಟ್ಟು ಸಾಕು. ಎಡಚಕ್ರ ಬಲಕ್ಕೆ ತಿರುಗುತ್ತದೆ, ಟೈ ರಾಡ್ ಬಲಚಕ್ರವನ್ನೂ ತಳ್ಳುತ್ತದೆ, ಅದು ವಾಪಸ್ ತಳ್ಳುತ್ತದೆ, ವೇಗ ಇಳಿಯುವ ತನಕ ಅದು ತನ್ನನ್ನೇ ತಾನು ಬೆಳೆಸಿಕೊಳ್ಳುತ್ತದೆ. ಹೋದ ವಾರ ನಿಮಗೆ ಆದದ್ದು ಹೆಚ್ಚಾಗಿ ಇದೇ. ಹೊಸ ಡ್ಯಾಂಪರ್ ಇದನ್ನು ಸ್ವಲ್ಪ ದಿನ ಮುಚ್ಚಿಡುತ್ತದೆ, ವಾಸಿ ಮಾಡುವುದಿಲ್ಲ. ಒಳ್ಳೆಯ ಸ್ಥಿತಿಯ ಜಿಪ್ಸಿ ಡ್ಯಾಂಪರ್ ಬಿಚ್ಚಿಟ್ಟರೂ ನಡುಗಬಾರದು.

ಖಚಿತ ಮಾಡಿಕೊಳ್ಳುವುದು ಹೀಗೆ. ಚಕ್ರ ಎತ್ತಿರುವಾಗಲೇ ಟೈರನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಒಳಕ್ಕೆ ಹೊರಕ್ಕೆ ಅಲ್ಲಾಡಿಸಿ. ಪ್ಲೇ ತಿಳಿದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ಅದು ವೀಲ್ ಬೇರಿಂಗ್. ಆಗಲೂ ಉಳಿದರೆ ಕಿಂಗ್ ಪಿನ್. ಗುಂಡಿನ ಸುತ್ತ ಗ್ರೀಸ್ ಜೊತೆ ತೆಳು ಎಣ್ಣೆ ಸುರಿಯುತ್ತಿದ್ದರೆ ಇನ್ನೊಂದು ವಿಷಯ ತಿಳಿಯಿತು: ಆಕ್ಸಲ್ ಒಳಗಿನ ಸೀಲ್ ಹೋಗಿ ಗೇರ್ ಆಯಿಲ್ ಹೊರಗೆ ಬಂದು ಗ್ರೀಸನ್ನು ತೊಳೆಯುತ್ತಿದೆ. ಬೇರಿಂಗ್ ಹಾಕುವಾಗಲೇ ಆ ಸೀಲನ್ನೂ ಬದಲಿಸಿ.

ಬೇರಿಂಗ್ ಹೊಸದು ಹಾಕಿದ ಮೇಲೆ ಬಿಗಿ ಸರಿ ಮಾಡುವುದು ಕಿಂಗ್ ಪಿನ್ನಿನ ತೆಳು ಶಿಮ್‌ಗಳಿಂದ. ಶಿಮ್ ಅಂದರೆ ಸಂದಿಗೆ ಕೊಡುವ ಲೋಹದ ತೆಳು ಹಾಳೆ. ಶಿಮ್ ತೆಗೆದಷ್ಟೂ ಬಿಗಿ ಜಾಸ್ತಿ. ಇಲ್ಲಿ ಅಂದಾಜು ಬೇಡ. ಗುಂಡಿನ ಸೀಲ್ ಹಾಕುವ ಮೊದಲು, ಟೈ ರಾಡ್ ಸೇರುವ ತೂತಿಗೆ ಒಂದು ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆಯಿರಿ. ಹಳೇ ಪೇಪರ್ ಕೊಳ್ಳಲು ಬರುವವರ ಕೈಯಲ್ಲಿ ಇರುತ್ತದಲ್ಲ, ಅಂಥದ್ದೇ. ನಕಲ್, ಅಂದರೆ ಕಿಂಗ್ ಪಿನ್ ಮೇಲೆ ತಿರುಗುವ ಚಕ್ರದ ಗೆಣ್ಣು, ಅಲ್ಲಾಡಲು ಶುರುವಾಗುವುದು 1ರಿಂದ 1.8 ಕೆಜಿ ನಡುವೆ ಇರಬೇಕು. ಎರಡೂ ಬದಿ ಒಂದೇ ಸಮ ಬರುವವರೆಗೆ ಶಿಮ್ ಆಡಿಸಿ. ನಿಮ್ಮ ಮೆಕ್ಯಾನಿಕ್ ತಕ್ಕಡಿ ಇಲ್ಲದೆ 'ಕೈಯಲ್ಲೇ ಗೊತ್ತಾಗುತ್ತೆ' ಅಂದರೆ ತಕ್ಕಡಿ ನೀವೇ ತೆಗೆದುಕೊಂಡು ಹೋಗಿ, ಪಕ್ಕದಲ್ಲಿ ನಿಲ್ಲಿ.

ಈಗ ಡ್ರ್ಯಾಗ್ ಲಿಂಕ್ ವಾಪಸ್ ಸೇರಿಸಿ ಗಾಡಿಯನ್ನು ನೆಲಕ್ಕೆ ಇಳಿಸಿ. ಒಬ್ಬರು ಒಳಗೆ ಕೂತು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಸಣ್ಣಗೆ, ಬೇಗ ಬೇಗ ಅಲ್ಲಾಡಿಸಲಿ. ನೀವು ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿ. ಭಾರ ಚಕ್ರದ ಮೇಲೆ ಇರುವಾಗಲೇ ಸಡಿಲಗಳು ಬಾಯಿ ಬಿಡುವುದು. ಟೈ ರಾಡ್, ಡ್ರ್ಯಾಗ್ ಲಿಂಕ್ ಎಂಡ್‌ಗಳ ಮೇಲೆ ಬೆರಳಿಟ್ಟರೆ ಸಾಕು, ಒಳಗಿನ ಆಟ ಬೆರಳಿಗೆ ತಿಳಿಯುತ್ತದೆ. ಸ್ಟೀರಿಂಗ್ ಕಂಬಕ್ಕೂ ಬಾಕ್ಸಿಗೂ ನಡುವಿನ ಜಾಯಿಂಟ್ ನೋಡಿ. ಕೊನೆಗೆ ಬಾಕ್ಸನ್ನು ಚಾಸಿಗೆ ಕೂರಿಸಿದ ಜಾಗ ನೋಡಿ.

ಈ ಕೊನೆಯದನ್ನು ಯಾರೂ ನೋಡುವುದಿಲ್ಲ. ಕೆಲವು ವರ್ಷದ ಹಿಂದೆ ನನ್ನ ಹತ್ತಿರ ಒಂದು ಗಾಡಿ ಬಂದಿತ್ತು. ಒಂದು ಗ್ಯಾರೇಜಿನಲ್ಲಿ ಹೊಸ ಬಾಕ್ಸ್, ಹೊಸ ಎಂಡ್‌ಗಳು, ಎಲ್ಲ ಹಾಕಿಸಿದ್ದರು. ಪ್ಲೇ ಹಾಗೇ ಇತ್ತು. ಮಾಲೀಕರ ಮಗಳನ್ನು ಸ್ಟೀರಿಂಗ್ ಅಲ್ಲಾಡಿಸಲು ಕೂರಿಸಿ ನಾನು ಕೆಳಗೆ ಹೋದೆ. ಬಾಕ್ಸಿನ ಬೋಲ್ಟಿನ ಸುತ್ತ ಚಾಸಿಯೇ ಉಸಿರಾಡುವ ಹಾಗೆ ಒಳಗೆ ಹೊರಗೆ ಹೋಗುತ್ತಿತ್ತು. ಪೇಂಟಿನ ಕೆಳಗೆ ಕೂದಲಿನಷ್ಟು ತೆಳ್ಳಗೆ ಬಿರುಕು. ದೊಡ್ಡ ಟೈರ್, ಕಲ್ಲುದಾರಿ, ಹಳೆಯ ತುಕ್ಕು ಎಲ್ಲ ಸೇರಿ ಆಗಿದ್ದು. ವೆಲ್ಡ್ ಮಾಡಿ ಪ್ಲೇಟ್ ಕೊಟ್ಟ ಮೇಲೆ ಗಾಡಿ ಸರಿಹೋಯಿತು. ತೆಗೆದು ಹಾಕಿದ್ದ ಹಳೆಯ ಬಾಕ್ಸ್ ಚೆನ್ನಾಗಿಯೇ ಇತ್ತು. ನಿಮ್ಮ ಗಾಡಿಯಲ್ಲೂ ಆ ಜಾಗವನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ನೋಡಿ.

ಇನ್ನು ಶಾಕಲ್. ನಿಮ್ಮ ಅಲೆದಾಟಕ್ಕೆ ದೊಡ್ಡ ಕಾರಣ ಇದೇ ಇರಬೇಕು. ಸೈಕಲ್ಲಿನ ಮುಂದಿನ ಫೋರ್ಕ್ ನೆಟ್ಟಗೆ ಇರುವುದಿಲ್ಲ, ಮೇಲ್ಭಾಗ ಸವಾರನ ಕಡೆಗೆ ಓರೆಯಾಗಿರುತ್ತದೆ ಅಲ್ವಾ? ಕೈ ಬಿಟ್ಟರೂ ಸೈಕಲ್ ನೇರ ಹೋಗಲು ಆ ಓರೆ ನೆರವಾಗುತ್ತದೆ. ಗಾಡಿಯ ಕಿಂಗ್ ಪಿನ್ನಿಗೂ ಹಾಗೇ ಹಿಂದಕ್ಕೆ ಒಂದು ಓರೆ ಇದೆ. ಅದನ್ನೇ ಕಾಸ್ಟರ್ ಅನ್ನುವುದು. ಜಿಪ್ಸಿಯಲ್ಲಿ ಅದು ಮೂರೂವರೆ ಡಿಗ್ರಿ. ಮುಂದಿನ ಸ್ಪ್ರಿಂಗಿನ ಶಾಕಲ್ ಇರುವುದು ಮುಂದಿನ ತುದಿಯಲ್ಲಿ, ಬಂಪರ್ ಕೆಳಗೆ. ಶಾಕಲ್ ಉದ್ದ ಮಾಡಿದರೆ ಸ್ಪ್ರಿಂಗಿನ ಮುಂದಿನ ತುದಿ ಮಾತ್ರ ಕೆಳಗೆ ಇಳಿಯುತ್ತದೆ, ಹಿಂದಿನ ತುದಿ ಅಲ್ಲೇ ಇರುತ್ತದೆ. ಸ್ಪ್ರಿಂಗ್ ಜೊತೆ ಇಡೀ ಆಕ್ಸಲ್ ಮುಂದಕ್ಕೆ ಬಾಗುತ್ತದೆ. ಸ್ಪ್ರಿಂಗ್ ಹೆಚ್ಚುಕಡಿಮೆ ಒಂದು ಮೀಟರ್ ಉದ್ದ ಅಂದುಕೊಂಡರೆ, 2 ಇಂಚಿಗೆ ಸುಮಾರು 3 ಡಿಗ್ರಿ. ಇದ್ದದ್ದೇ ಮೂರೂವರೆ. ಉಳಿದದ್ದು ಏನು? ಇಷ್ಟು ಕಳೆದುಕೊಂಡು ಸಿಕ್ಕ ಎತ್ತರವಾದರೂ ಎಷ್ಟು? 1 ಇಂಚು. ಶಾಕಲ್ ಉದ್ದದಲ್ಲಿ ಅರ್ಧ ಮಾತ್ರ ಗಾಡಿಗೆ ಎತ್ತರವಾಗಿ ಸಿಗುವುದು. ಇದು ಒಳ್ಳೆಯ ವ್ಯಾಪಾರವಲ್ಲ.

ಎರಡು ಸಲ ಅಲೈನ್‌ಮೆಂಟ್ ಮಾಡಿಸಿದರೂ ಯಾಕೆ ಸರಿಯಾಗಲಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಇಡೀ ಆಕ್ಸಲ್ ಇರುವ ಗಾಡಿಯಲ್ಲಿ ಅಲೈನ್‌ಮೆಂಟ್ ಅಂಗಡಿಯವರು ತಿದ್ದಬಹುದಾದದ್ದು ಟೋ ಒಂದೇ, ಅಂದರೆ ಮುಂದಿನ ಎರಡು ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಅನ್ನುವುದು. ಅದು 2ರಿಂದ 6 ಮಿಲಿಮೀಟರ್ ಒಳಮುಖವಾಗಿರಬೇಕು. ಕಾಸ್ಟರ್ ಅವರ ಕೈಯಲ್ಲಿಲ್ಲ. ಆದರೆ ಅಳೆಯುವುದು ಅವರ ಮೆಷಿನ್‌ಗೆ ಗೊತ್ತು. ಆ ಪ್ರಿಂಟ್ ಕೇಳಿ ತೆಗೆದುಕೊಳ್ಳಿ. ಕಾಸ್ಟರ್ 2 ಡಿಗ್ರಿಗಿಂತ ಕಡಿಮೆ ಇದ್ದರೆ ಬೇರೇನು ಬದಲಿಸಿದರೂ ಗಾಡಿ 60ರಲ್ಲಿ ನೆಮ್ಮದಿಯಾಗಿ ಓಡುವುದಿಲ್ಲ.

ನನ್ನ ಸಲಹೆ, ಮಾಮೂಲಿ ಶಾಕಲ್ ವಾಪಸ್ ಹಾಕಿ. ಎತ್ತರ ಬೇಕೇ ಬೇಕು ಅನ್ನುವುದಾದರೆ ಸ್ಪ್ರಿಂಗಿಗೂ ಆಕ್ಸಲ್ ಪ್ಯಾಡಿಗೂ ನಡುವೆ ಉಕ್ಕಿನ ಟೇಪರ್ ಪ್ಲೇಟ್ ಹಾಕಿಸಿ ಓರೆಯನ್ನು ವಾಪಸ್ ತರಬಹುದು. ಜಿಪ್ಸಿಯಲ್ಲಿ ಸ್ಪ್ರಿಂಗ್ ಆಕ್ಸಲಿನ ಕೆಳಗಿದೆ, ಆದ್ದರಿಂದ ದಪ್ಪ ಬದಿ ಗಾಡಿಯ ಮುಂದಕ್ಕೆ ಬರಬೇಕು. ತಿರುಗಿಸಿ ಹಾಕಿದರೆ ಇರುವ ಓರೆಯೂ ಹೋಗುತ್ತದೆ. ಅಲ್ಯೂಮಿನಿಯಂ ಪ್ಲೇಟ್ ಬೇಡ, ಪೆಟ್ಟಿಗೆ ಒಡೆಯುತ್ತದೆ.

ಶಾಕಲ್ ಬಿಚ್ಚಿದಾಗ ಬುಷ್‌ಗಳನ್ನು ನೋಡದೆ ಬಿಡಬೇಡಿ. ಸ್ಪ್ರಿಂಗಿನ ತುದಿಗಳಲ್ಲಿ ಕೂರುವ ರಬ್ಬರ್ ಬಳೆಗಳು ಇವು. ಲೀಫ್ ಸ್ಪ್ರಿಂಗ್ ಗಾಡಿಯಲ್ಲಿ ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದಿಡಲು ಸ್ಪ್ರಿಂಗ್ ಬಿಟ್ಟರೆ ಬೇರೆ ಏನೂ ಇಲ್ಲ. ಬುಷ್ ಸವೆದರೆ ಆಕ್ಸಲ್ ತನಗೆ ಬೇಕಾದ ಕಡೆ ಹೋಗುತ್ತದೆ. ಹಿಂದಿನ ಆಕ್ಸಲಿಗೂ ಇದೇ ಮಾತು. ಹಿಂದಿನಿಂದ ಯಾರೋ ಗಾಡಿ ತಿರುಗಿಸುತ್ತಿದ್ದಾರೆ ಅನ್ನಿಸಿದರೆ, ಅದರಲ್ಲೂ ಆಕ್ಸಿಲರೇಟರ್ ಒತ್ತಿದಾಗ ಒಂದು ಕಡೆ, ಬಿಟ್ಟಾಗ ಇನ್ನೊಂದು ಕಡೆ ವಾಲಿದರೆ, ಹಿಂದಿನ ಬುಷ್ ಅಥವಾ ಸ್ಪ್ರಿಂಗನ್ನು ಆಕ್ಸಲಿಗೆ ಕಟ್ಟುವ ಯು ಬೋಲ್ಟ್ ಸಡಿಲವಾಗಿದೆ ಅಂತಲೇ ತಿಳಿಯಿರಿ. ಒಂದು ಟೇಪ್ ತೆಗೆದುಕೊಂಡು ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಬದಿ ಅಳೆಯಿರಿ. ಜಿಪ್ಸಿಯ ವೀಲ್‌ಬೇಸ್ 2375 ಮಿಲಿಮೀಟರ್. ಎಡಕ್ಕೂ ಬಲಕ್ಕೂ ಎದ್ದು ಕಾಣುವ ವ್ಯತ್ಯಾಸ ಬಂದರೆ ಎಲ್ಲೋ ಸ್ಪ್ರಿಂಗಿನ ಪಟ್ಟಿಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಸರಿದಿದೆ.

ಟೈರ್ ವಿಷಯ ಬೇಗ ಹೇಳುತ್ತೇನೆ. ಜಿಪ್ಸಿ ಸುಮಾರು ಒಂದು ಟನ್ ತೂಕದ ಹಗುರ ಗಾಡಿ. ಪಂಕ್ಚರ್ ಅಂಗಡಿಯಲ್ಲಿ ಕಾರಿನ ಲೆಕ್ಕಕ್ಕೆ 35 ಗಾಳಿ ಹೊಡೆದರೆ ರಸ್ತೆಯ ಒಂದೊಂದು ಉಬ್ಬಿಗೂ ಕುಣಿಯುತ್ತದೆ. ಟೈರ್ ತಣ್ಣಗಿರುವಾಗ 24 ಇಟ್ಟು ಓಡಿಸಿ ನೋಡಿ, ಒಂದೆರಡು ಹೆಚ್ಚುಕಡಿಮೆ ಮಾಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2314 ಅಂದರೆ 2014ರ 23ನೇ ವಾರ ತಯಾರಾದದ್ದು. ಅಷ್ಟು ಹಳೆಯದಾಗಿದ್ದರೆ ಎಷ್ಟೇ ಕಚ್ಚು ಉಳಿದಿದ್ದರೂ ಬದಲಿಸಿ. ರಿಮ್ ಹೊರಕ್ಕೆ ಚಾಚಿದ್ದರೆ, ಚಕ್ರವನ್ನು ಹೊರಕ್ಕೆ ತರುವ ಸ್ಪೇಸರ್ ಬಿಲ್ಲೆ ಹಾಕಿದ್ದರೆ, ಪ್ರತಿ ಗುಂಡಿಯೂ ಚಕ್ರವನ್ನು ತಿರುಗಿಸಲು ದೊಡ್ಡ ಸನ್ನೆಗೋಲು ಸಿಕ್ಕ ಹಾಗೆ. ಸ್ಪೇಸರ್ ಇದ್ದರೆ ಇವತ್ತೇ ತೆಗೆಯಿರಿ. ನಿಮ್ಮ ಕಡೆ ಜಿಪ್ಸಿ ಇರುವ ಸ್ನೇಹಿತರು ಸಿಗುತ್ತಾರೆ. ಅವರ ಮಾಮೂಲಿ ಸೈಜಿನ ನಾಲ್ಕು ಚಕ್ರ ಒಂದು ಬೆಳಿಗ್ಗೆಗೆ ಕೇಳಿ ಹಾಕಿ ನೋಡಿ. ಕೆಲವೊಮ್ಮೆ ಅರ್ಧ ಕಾಯಿಲೆ ಅಲ್ಲೇ ಹೋಗುತ್ತದೆ.

ಬ್ರೇಕಿಗೆ ಎಡಕ್ಕೆ ಎಳೆಯುವುದು ಬೇರೆ ವಿಷಯ. ನಮ್ಮ ರಸ್ತೆಗಳು ನೀರು ಹರಿಯಲು ಎಡಕ್ಕೆ ಇಳಿಜಾರಾಗಿರುತ್ತವೆ. ಮೊದಲು ನಿಮ್ಮ ಕಾಫಿ ಕಣದಲ್ಲಿ, ಸಮತಟ್ಟು ಜಾಗದಲ್ಲಿ, ನಿಧಾನಕ್ಕೆ ಬ್ರೇಕ್ ಹಿಡಿದು ನೋಡಿ. ಅಲ್ಲೂ ಎಳೆದರೆ ಬಲಗಡೆಯ ಬ್ರೇಕ್ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಕ್ಯಾಲಿಪರ್ ಪಿನ್ ಹಿಡಿದಿರಬಹುದು, ರಬ್ಬರ್ ಹೋಸ್ ಒಳಗೇ ಮುಚ್ಚಿರಬಹುದು, ಇಲ್ಲವೇ ಸೋರಿದ ಎಣ್ಣೆ ಪ್ಯಾಡಿಗೆ ತಗುಲಿರಬಹುದು. ಬಲ ಗುಂಡಿನಲ್ಲಿ ಎಣ್ಣೆ ಕಂಡರೆ ಮೊದಲು ಅದನ್ನೇ ಅನುಮಾನಿಸಿ.

ಕೆಲಸದ ಸರದಿ ಹೀಗಿರಲಿ. ಬಾಕ್ಸಿನ ಸ್ಕ್ರೂ ಸಡಿಲಿಸಿ, ಗಾಳಿ ಸರಿ ಮಾಡಿ, ಕೆಳಗೆ ಮಲಗಿ ನೋಡಿ. ಇವಕ್ಕೆ ದುಡ್ಡು ಬೇಡ. ಆಮೇಲೆ ಕಿಂಗ್ ಪಿನ್ ಬೇರಿಂಗ್ ಮತ್ತು ಸೀಲ್. ಆಮೇಲೆ ಬುಷ್, ಶಾಕಲ್. ಆಮೇಲೆ ಬ್ರೇಕ್. ಇಷ್ಟಾದ ಮೇಲೆ ಅಲೈನ್‌ಮೆಂಟ್. ಸಡಿಲ ಇರುವ ಗಾಡಿಗೆ ಅಲೈನ್‌ಮೆಂಟ್ ಮಾಡಿದರೆ ಅಂಗಡಿಯಿಂದ ಹೊರಗೆ ಬರುವಷ್ಟರಲ್ಲಿ ಲೆಕ್ಕ ತಪ್ಪಿರುತ್ತದೆ. ಒಂದೊಂದು ಕೆಲಸ ಮಾಡಿದ ಮೇಲೂ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ, ಏನು ಬದಲಾಯಿತು ಅಂತ ಬರೆದಿಡಿ. ವೇಗವನ್ನು 40ರಿಂದ ಸ್ವಲ್ಪ ಸ್ವಲ್ಪವೇ ಏರಿಸಿ.

ಪವರ್ ಸ್ಟೀರಿಂಗ್ ಈಗ ಬೇಡ. ಅದು ತಿರುಗಿಸುವುದನ್ನು ಹಗುರ ಮಾಡುತ್ತದೆ, ಅಷ್ಟೇ. ಕೆಳಗಿನ ಸಡಿಲ ನಿಮ್ಮ ಕೈಗೆ ತಿಳಿಯದ ಹಾಗೆ ಮಾಡುತ್ತದೆ. ಇವತ್ತು ಕೈಗೆ ಬರುತ್ತಿರುವ ಆ ಎಚ್ಚರಿಕೆ ನಿಮಗೆ ಬೇಕು. ಇಷ್ಟೆಲ್ಲ ಮುಗಿದ ಮೇಲೂ ಚಕ್ರ ನೇರ ಇರುವಾಗ ಸ್ಟೀರಿಂಗ್ ಸುತ್ತಳತೆಯಲ್ಲಿ ಮೂರು ಬೆರಳಿಗಿಂತ ಜಾಸ್ತಿ ಪ್ಲೇ ಉಳಿದರೆ, ಆಗ ಬಾಕ್ಸ್ ಬಿಚ್ಚಿಸೋಣ.

ಸ್ಪ್ರಿಂಗ್ ಬಿಚ್ಚಿ ಹಾಕಿದ ಯು ಬೋಲ್ಟ್‌ಗಳು ಕೂತುಕೊಂಡು ಸ್ವಲ್ಪ ಸಡಿಲವಾಗುತ್ತವೆ. 200 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ, 1000ಕ್ಕೆ ಇನ್ನೊಮ್ಮೆ ಬಿಗಿಸಿ. ಕಾಸ್ಟರ್ ಪ್ರಿಂಟ್ ಸಿಕ್ಕಿದಾಗ ಎಡ ಬಲ ಎರಡೂ ಅಂಕಿ ನನಗೆ ಬರೆದು ಕಳಿಸಿ. ಎರಡರ ನಡುವೆ ಒಂದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಆಕ್ಸಲ್ ಹೌಸಿಂಗ್ ತಿರುಚಿದೆಯೇ ಅಂತ ಬೇರೆಯಾಗಿ ನೋಡಬೇಕಾಗುತ್ತದೆ.